ರೈಲು ಹೋಗಲಿ, ಉಂಗುರ ನಿಲ್ಲಲಿ

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಮೇಲಿನ ಮಾಳಿಗೆಯ ಹುಡುಗಿಗೆ ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿದೆ. ಪೇಡೆ ಡಬ್ಬಿ ಹಿಡಿದುಕೊಂಡು ಬಂದವಳು, "ಆಂಟಿ, ನೀವು ಪೂರಾ ಲೈಫ್ ಇದೇ ಮಾಡಿದ್ದೀರಿ ಅಲ್ವಾ? ಹೇಗೆ ಇರ್ತದೆ ಈ ಜಾಬ್?" ಎಂದು ಕೇಳಿದಳು. ಚೆನ್ನಾಗಿರುತ್ತದೆ ಎಂದು ಹೇಳಿ ಪೇಡೆ ಬಾಯಿಗೆ ಹಾಕಿಕೊಂಡೆ. ಅವಳು ಖುಷಿಯಾಗಿ ಮೆಟ್ಟಿಲೇರಿ ಹೋದಳು. ಸುಳ್ಳು ಹೇಳಿದೆನಲ್ಲ ಎಂದು ಆಮೇಲೆ ಬೇಸರವಾಯಿತು. ಎದುರಿಗೆ ಹೇಳಲಾಗದ್ದನ್ನು ಬರೆದಾದರೂ ಇಡೋಣ ಎಂದು ಕುಳಿತಿದ್ದೇನೆ. ಅವಳಿಗೆ ಕನ್ನಡ ಓದಲು ತಡವಾಗುತ್ತದೆ. ಆಗಲಿ, ನಿಧಾನವಾಗಿಯೇ ತಿಳಿಯಬೇಕಾದ ವಿಷಯ ಇದು.

ಡೆಮಾನ್‌ಸ್ಟ್ರೇಟರ್ ಎಂದರೆ ಪ್ರಾಧ್ಯಾಪಕರೂ ಅಲ್ಲ, ಪ್ಯೂನೂ ಅಲ್ಲ. ಪ್ರಾಧ್ಯಾಪಕರು ಕ್ಲಾಸಿನಲ್ಲಿ ಬೆಳಕೆಂದರೆ ಅಲೆ ಎಂದು ಹೇಳಿ ಕೈ ಜಾಡಿಸಿಕೊಂಡು ಹೋಗುತ್ತಾರೆ. ಪ್ಯೂನು ಲ್ಯಾಬಿನ ಬೀಗ ತೆಗೆಯುತ್ತಾನೆ. ಇವರಿಬ್ಬರ ನಡುವೆ, ಆ ಅಲೆಯನ್ನು ಹುಡುಗರ ಕಣ್ಣಿಗೆ ತೋರಿಸುವವರು ನಾವು. ಕಂಡರೆ ಪ್ರಾಧ್ಯಾಪಕರು ಚೆನ್ನಾಗಿ ಪಾಠ ಮಾಡಿದ್ದಾರೆ ಎಂದು ಅರ್ಥ, ಕಾಣದಿದ್ದರೆ ಡೆಮಾನ್‌ಸ್ಟ್ರೇಟರ್‌ಗೆ ಏನೂ ಬರುವುದಿಲ್ಲ ಎಂದು ಅರ್ಥ. ಬಡ್ತಿಯ ವಿಚಾರ ಇಲ್ಲಿ ಬೇಡ. ಬಂದದ್ದು ತಡವಾಗಿ, ಅದರಿಂದ ಬದಲಾದದ್ದು ಕೂರುವ ಕುರ್ಚಿ ಮಾತ್ರ.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು. ಅರವತ್ತರ ದಶಕದ ಕೊನೆಗೆ ಮದುವೆಯಾಗಿ ಮುಂಬೈಗೆ ಬಂದೆ, ಬಂದ ವರ್ಷವೇ ಕೆಲಸಕ್ಕೆ ಸೇರಿದೆ. ಕಾಲೇಜಿನ ಹೆಸರು ಬೇಡ. ರೈಲ್ವೆ ಹಳಿಗೆ ಅಂಟಿಕೊಂಡ ಹಾಗಿತ್ತು ಎಂದರೆ ಸಾಕು. ಲ್ಯಾಬಿನ ಕಿಟಕಿ ತೆರೆದರೆ ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದವರ ಮುಖ ಕಾಣುತ್ತಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಬೆಳಗಾವಿ ಕಡೆಯ ಕುಲಕರ್ಣಿ ಸರ್. ಮುಂಬೈಯಲ್ಲಿ ಎಷ್ಟೋ ವರ್ಷ ಕಳೆದಿದ್ದರೂ ಮಾತಿಗೆ ಊರಿನ ಕನ್ನಡವೇ ಬೇಕು ಅವರಿಗೆ. ನನ್ನನ್ನು ಮೊದಲ ದಿನದಿಂದಲೇ ಪಾಟೀಲಬಾಯಿ ಎಂದು ಕರೆದರು.

ಸೇರಿದ ಹೊಸದರಲ್ಲಿ ನಾನು ಮಾಡಿದ ಎಡವಟ್ಟೊಂದನ್ನು ಹೇಳಲೇಬೇಕು. ಅಲೆಗಳನ್ನು ತೋರಿಸಲು ಗಾಜಿನ ತಳದ ಒಂದು ತೊಟ್ಟಿ ಇತ್ತು. ಅದರಲ್ಲಿ ನೀರು ತುಂಬಿಸಿ, ಮೇಲೆ ದೀಪ ಹಚ್ಚಿ, ನೀರನ್ನು ತಟ್ಟಿದರೆ ಅಲೆಗಳ ನೆರಳು ನೆಲದ ಮೇಲೆ ಓಡುತ್ತಿತ್ತು. ಆಡಳಿತ ಮಂಡಳಿಯ ಟ್ರಸ್ಟಿಯೊಬ್ಬರು ಲ್ಯಾಬ್ ನೋಡಲು ಬಂದ ದಿನ ನಾನು ಉತ್ಸಾಹದಿಂದ ಅದನ್ನು ಜೋಡಿಸಿದೆ. ತೊಟ್ಟಿಯ ಒಂದು ಮೂಲೆಯ ಮೇಣ ಬಿಟ್ಟುಕೊಂಡಿದ್ದು ನನಗೆ ಗೊತ್ತಿರಲಿಲ್ಲ. ನೆಲದ ಮೇಲೆ ಅಲೆಯ ನೆರಳು ಬರುವ ಮೊದಲು ಅಲೆಯೇ ಬಂತು, ಸೀದಾ ಟ್ರಸ್ಟಿಯವರ ಬಿಳಿ ಬೂಟಿನ ಮೇಲೆ. ಕುಲಕರ್ಣಿ ಸರ್ ಮುಖದ ಗೆರೆ ಅಲುಗಿಸದೆ, "ನೋಡ್ರಿ ಸಾಹೇಬ್ರ, ಅಲಿ ಅಂದ್ರ ಶಕ್ತಿ ಮುಂದ ಹೋಗೂದು," ಎಂದರು. ನನ್ನ ಕೆಲಸ ಉಳಿಯಿತು. ಅವರಲ್ಲಿ ಅಂಥ ಜಾಣತನ ಇತ್ತು, ಕೆಟ್ಟವರಾಗಿರಲಿಲ್ಲ. ಮುಂದೆ ಬರೆಯುವುದನ್ನು ಓದುವಾಗ ಇದು ನೆನಪಿರಲಿ.

ಇನ್ನು ಕತ್ತಲೆ ಕೋಣೆಯ ವಿಷಯ. ನನ್ನ ಆಯುಷ್ಯದ ಒಳ್ಳೆಯ ಭಾಗವೆಲ್ಲ ಕಳೆದದ್ದು ಅಲ್ಲಿಯೇ. ಲ್ಯಾಬಿನ ಮೂಲೆಗೆ ಕಪ್ಪು ಪರದೆ ಎಳೆದು ಮಾಡಿದ ಗೂಡು ಅದು, ಅದರೊಳಗೊಂದು ಸೋಡಿಯಂ ದೀಪ. ಸ್ವಿಚ್ ಹಾಕಿದ ಕೂಡಲೇ ಅದು ಹಳದಿ ಬೆಳಕು ಕೊಡುವುದಿಲ್ಲ. ಮೊದಲು ಗುಲಾಬಿಗೆಂಪು. ಒಳಗಿನ ಸೋಡಿಯಂ ಕಾದು ಆವಿಯಾಗುವ ತನಕ, ಒಂದು ಚಹಾ ಕುಡಿಯುವಷ್ಟು ಹೊತ್ತು, ಕಾಯಬೇಕು. ಆಮೇಲೆ ಆ ಹಳದಿ ಬರುತ್ತದೆ. ಅದು ಬಂದರೆ ಮನುಷ್ಯರ ಮುಖ, ಸೀರೆಯ ಬಣ್ಣ, ಹಣೆಯ ಕುಂಕುಮ ಎಲ್ಲ ಸತ್ತ ಹಾಗೆ ಬೂದಿಯಾಗುತ್ತವೆ, ಯಾಕೆಂದರೆ ಆ ಬೆಳಕಿನಲ್ಲಿ ಬೇರೆ ಬಣ್ಣವೇ ಇಲ್ಲ.

ಆ ದೀಪದ ಮುಂದೆ ಮಾಡುವ ಪ್ರಯೋಗಕ್ಕೆ ನಾವು ಉಂಗುರ ಎನ್ನುತ್ತಿದ್ದೆವು. ಸಪಾಟಾದ ಗಾಜಿನ ಮೇಲೆ ಸ್ವಲ್ಪವೇ ಉಬ್ಬಿದ ಒಂದು ಲೆನ್ಸನ್ನು ಮಗುಚಿ ಇಡುತ್ತೇವೆ. ಎರಡರ ನಡುವೆ ಕೂದಲಿಗಿಂತ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಲೆನ್ಸಿನ ಕೆಳಮೈಯಿಂದ ಮರಳುವ ಬೆಳಕು, ಗಾಜಿನಿಂದ ಮರಳುವ ಬೆಳಕು, ಎರಡೂ ಒಂದರ ಮೇಲೊಂದು ಬೀಳುತ್ತವೆ. ಒಂದರ ಉಬ್ಬಿನ ಮೇಲೆ ಇನ್ನೊಂದರ ಉಬ್ಬು ಬಿದ್ದ ಕಡೆ ಬೆಳಗುತ್ತದೆ, ಉಬ್ಬಿನ ಮೇಲೆ ತಗ್ಗು ಬಿದ್ದ ಕಡೆ ಆರಿಹೋಗುತ್ತದೆ. ಮೇಲಿನಿಂದ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದರೊಳಗೊಂದು ಹಳದಿ ಕಪ್ಪು ಉಂಗುರಗಳು, ನಟ್ಟನಡುವೆ ಕಪ್ಪು ಚುಕ್ಕೆ. ಬೆಳಕಿಗೆ ಬೆಳಕು ಸೇರಿದರೆ ಕತ್ತಲೆಯೂ ಆಗಬಹುದು ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಯಾರಿಗೂ ಆಗಲಿಕ್ಕಿಲ್ಲ. ಉಂಗುರಗಳ ಅಗಲ ಅಳೆದು, ಲೆನ್ಸು ಎಷ್ಟು ಉಬ್ಬಿದೆ ಎಂಬ ಅಂಕಿಯನ್ನು ಸೇರಿಸಿ ಲೆಕ್ಕ ಮಾಡಿದರೆ ಹಳದಿ ಬೆಳಕಿನ ಅಲೆಯ ಉದ್ದ ಸಿಗುತ್ತದೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅಂಥ ಐದು ಸಾವಿರದ ಎಂಟುನೂರ ತೊಂಬತ್ಮೂರು ಪಾಲು.

ಈ 5893 ನನ್ನ ವೃತ್ತಿಯ ಶನಿ. ಪುಸ್ತಕದಲ್ಲಿ ಅಚ್ಚಾಗಿದೆ, ಬೆಂಚಿನ ಮೇಲೆ ಬ್ಲೇಡಿನಲ್ಲಿ ಕೆತ್ತಿದೆ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ. ಉತ್ತರ ಗೊತ್ತಿದ್ದ ಮೇಲೆ ಯಾರು ಅಳೆಯುತ್ತಾರೆ? ಹುಡುಗರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಉಂಗುರದ ಅಗಲ ಎಷ್ಟಿರಬೇಕೋ ಅಷ್ಟನ್ನು ಬರೆಯುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು ಕುಕಿಂಗ್. ಯಾರೂ ಇದನ್ನು ಕಳ್ಳತನ ಎಂದುಕೊಳ್ಳುತ್ತಿರಲಿಲ್ಲ. ಹಿರಿಯರು ಕಿರಿಯರಿಗೆ ಕಲಿಸುತ್ತಿದ್ದರು, ಕಿರಿಯರು ವಿಧೇಯರಾಗಿ ಕಲಿಯುತ್ತಿದ್ದರು, ಪರೀಕ್ಷಕರೂ ಒಂದು ಕಾಲಕ್ಕೆ ಹೀಗೆಯೇ ಪಾಸಾಗಿ ಬಂದವರು. ನಾನು ಕೆಲಸ ಬಿಡುವ ಹೊತ್ತಿಗೆ ಲೇಸರ್ ಬಂತು. ಇನ್ನಾದರೂ ನಿಜವಾಗಿ ಅಳೆಯುತ್ತಾರೆ ಎಂದು ಆಸೆಪಟ್ಟೆ. ಲೇಸರಿನ ಅಲೆಯ ಉದ್ದ ಎಷ್ಟೆಂಬುದು ಒಂದೇ ವಾರದಲ್ಲಿ ಬೆಂಚಿನ ಮೇಲೆ ಕೆತ್ತಿಯಾಗಿತ್ತು.

ಹುಡುಗರನ್ನಷ್ಟೇ ಬೈಯಲಾರೆ. ನಮ್ಮ ಲ್ಯಾಬಿನಲ್ಲಿ ಅಳೆಯುವುದು ಸುಲಭವಾಗಿರಲಿಲ್ಲ. ಫಾಸ್ಟ್ ಲೋಕಲ್ ಹಾದುಹೋದಾಗಲೆಲ್ಲ ಕಟ್ಟಡ ಅದುರುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಉಂಗುರಗಳು ನಡುಗಿ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಎಣಿಸುತ್ತಾ ಬಂದಿದ್ದ ಉಂಗುರ ಯಾವುದು ಎಂಬುದೇ ತಪ್ಪಿಹೋಗುತ್ತಿತ್ತು. ನಾನು ಪ್ರತಿ ಬ್ಯಾಚಿಗೂ ಒಂದೇ ಮಾತು ಹೇಳುತ್ತಿದ್ದೆ: "ಕಣ್ಣು ತೆಗೆಯಬೇಡಿ, ಕೈ ಅಲುಗಿಸಬೇಡಿ. ರೈಲು ಹೋಗಲಿ, ಉಂಗುರ ನಿಲ್ಲಲಿ. ಆಮೇಲೆ ಮುಂದಿನದು." ಹುಡುಗರು ನನ್ನ ಹಿಂದೆ ಇದನ್ನೇ ರಾಗವಾಗಿ ಅಣಕಿಸುತ್ತಿದ್ದರು. ಬೇಜಾರಿರಲಿಲ್ಲ. ಅಣಕಿಸುವುದಕ್ಕಾದರೂ ನೆನಪಿಟ್ಟಿದ್ದರಲ್ಲ.

ಆ ಮಾತನ್ನು ಅಕ್ಷರಶಃ ನಂಬಿದವನು ಒಬ್ಬನೇ. ಬಸವರಾಜ. ವಿಜಾಪುರ ಕಡೆಯವನು. ಅಪ್ಪ ಕಟ್ಟಡದ ಕೆಲಸಕ್ಕೆ ಬಂದು ಕೂಲಿಯವರ ಮೇಲೆ ಸಣ್ಣ ಮುಕಾದಮನಾಗಿದ್ದ, ವಡಾಲದ ಒಂದು ಚಾಳ್‌ನಲ್ಲಿ ಮನೆ. ಬಸವರಾಜ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ. ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಲ್ಯಾಬಿನಲ್ಲಿ ನಾವಿಬ್ಬರೇ ಇದ್ದರೆ ಮಾತ್ರ ನನ್ನನ್ನು ಮೇಡಂ ಬಿಟ್ಟು ಅಕ್ಕಾರ ಎನ್ನುತ್ತಿದ್ದ.

ಅವನಿಗೆ ಉಂಗುರಗಳ ಹುಚ್ಚು. ಕಣ್ಣಿಟ್ಟನೆಂದರೆ ಎಬ್ಬಿಸಬೇಕಾಗುತ್ತಿತ್ತು. ರೈಲು ಬಂದಾಗ ಉಸಿರು ಹಿಡಿದು ಕೂರುತ್ತಿದ್ದ, ಹೋದ ಮೇಲೆ ಬಿಡುತ್ತಿದ್ದ. ಉಳಿದವರು ಪ್ರಯೋಗ ಬರೆದಿಡುವ ಜರ್ನಲ್ ಮುಗಿಸಿ ಕ್ಯಾಂಟೀನಿಗೆ ಹೋದರೂ ಇವನದು ಅರ್ಧವಾಗಿರುತ್ತಿತ್ತು.

"ಅಕ್ಕಾರ, ಈ ಬೆಳಕು ಅಲಿ ಅಂತೀರಿ. ನೀರಿನ ಅಲಿ ನೀರಾಗ ಬರ್ತದ, ಸಪ್ಪಳದ ಅಲಿ ಗಾಳ್ಯಾಗ ಬರ್ತದ. ಬೆಳಕಿನ ಅಲಿ ಯಾತರಾಗ ಬರ್ತದ್ರಿ?"

ಅದಕ್ಕೆ ಏನೂ ಬೇಕಾಗಿಲ್ಲ, ಅದು ಖಾಲಿಯಲ್ಲೇ ಬರುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಕುಲಕರ್ಣಿ ಸರ್ ಹತ್ತಿರ ಹೋಗಿ ಕೇಳಿದ. ಅವರು, "ತಮ್ಮಾ, ಇದು ಪರೀಕ್ಷಾಕ್ಕ ಬರೂದಿಲ್ಲ," ಎಂದು ಬೆನ್ನು ತಟ್ಟಿ ಕಳಿಸಿದರು.

ಎಂ.ಎಸ್ಸಿ. ಮಾಡಬೇಕೆಂಬುದೊಂದೇ ಅವನ ಆಸೆ. ಅಪ್ಪ ಒಂದು ಗಡುವು ಹಾಕಿದ್ದ. ಈ ಸಲ ಒಳ್ಳೆಯ ಕ್ಲಾಸಿನಲ್ಲಿ ಪಾಸಾಗಿ ಸೀಟು ಸಿಕ್ಕರೆ ಮುಂದೆ ಓದಬಹುದು, ಇಲ್ಲವಾದರೆ ತನ್ನ ಜೊತೆ ಸೈಟಿಗೆ ಬರಬೇಕು. ಇನ್ನೊಂದು ವರ್ಷ ಕೂಡಿಸಿ ಓದಿಸಲು ಆಗುವುದಿಲ್ಲ. ಥಿಯರಿಯಲ್ಲಿ ಅವನು ಚೆನ್ನಾಗಿ ಬರೆಯುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಾಕ್ಟಿಕಲ್‌ನಲ್ಲಿ ಬೇರೆಯಾಗಿ ಪಾಸಾಗಬೇಕಿತ್ತು, ಅದರಲ್ಲಿ ಇವನಿಗಿಂತ ಗಟ್ಟಿಗ ಯಾರಿದ್ದಾನೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಪರೀಕ್ಷೆಗೆ ಮುನ್ನ ಲ್ಯಾಬ್ ಚೊಕ್ಕಟ ಮಾಡಿಸುವ ರೂಢಿ. ಮಳೆಗಾಲದಲ್ಲಿ ನಮ್ಮ ಲೆನ್ಸುಗಳಿಗೆಲ್ಲ ಬೂಷ್ಟು ಹಿಡಿಯುತ್ತಿತ್ತು. ಅದು ಸ್ಪಿರಿಟ್ಟಿನಲ್ಲಿ ಮೆಲ್ಲಗೆ ಒರೆಸಬೇಕಾದ ವಸ್ತು. ನಮ್ಮ ಪ್ಯೂನ್ ಗಣಪತ್ ಬಹಳ ನಿಷ್ಠೆಯಿಂದ ಉಂಗುರದ ಲೆನ್ಸಿಗೆ ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿ, ಫಳಫಳ ತೊಳೆದು ತಂದುಕೊಟ್ಟ. ಲೆನ್ಸು ಕುರುಡಾಗಿತ್ತು. ಕುಲಕರ್ಣಿ ಸರ್ ತಲೆ ಚಚ್ಚಿಕೊಂಡು ಲೋಕಲ್ ಹಿಡಿದು ಗ್ರಾಂಟ್ ರೋಡ್ ಹತ್ತಿರದ ಒಂದು ಅಂಗಡಿಯಿಂದ ಹೊಸ ಲೆನ್ಸು ತಂದರು. ಹಳೆಯದರ ಉಬ್ಬಿನ ಅಳತೆ, ಎಂದರೆ ಆ ಉಬ್ಬು ಯಾವ ಗೋಳದ ತುಂಡೋ ಅದರ ತ್ರಿಜ್ಯ, ನೂರು ಸೆಂಟಿಮೀಟರ್. ಹೊಸದರ ಪೊಟ್ಟಣದ ಮೇಲೂ ನೂರು ಎಂದೇ ಇತ್ತು.

"ಒಂದು ಸಲ ಅಳೆದು ನೋಡೋಣವೇ ಸರ್?" ಎಂದೆ.

"ಪಾಟೀಲಬಾಯಿ, ಅಂಗಡಿಯವಾ ಬರದು ಕೊಟ್ಟಾನ. ನಾಳಿಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರ್ತಾರ, ಅವರ ಊಟದ ವ್ಯವಸ್ಥಾ ಆಗಿಲ್ಲ. ಈಗ್ಯಾಕ ಇಲ್ಲದ ಉಪದ್ವ್ಯಾಪ?" ಎಂದು ಲೆನ್ಸನ್ನು ಸೀದಾ ಪರೀಕ್ಷೆಯ ಸಾಮಾನಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಟೇಬಲಿನ ಮೇಲಿನ ಹಳೆಯ ಕಾರ್ಡು ಹಾಗೆಯೇ ಉಳಿಯಿತು, ಲೆನ್ಸಿನ ಅಳತೆ ನೂರು ಎಂದು.

ಪರೀಕ್ಷೆ ಕೆಲವು ದಿನ ನಡೆಯಿತು. ಒಬ್ಬೊಬ್ಬರಿಗೆ ಎರಡು ಪ್ರಯೋಗ, ಯಾರಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನ. ಬಸವರಾಜನ ಬ್ಯಾಚು ಕಡೆಯದು. ಅಷ್ಟರಲ್ಲಿ ಆರು ಮಂದಿಗೆ ಉಂಗುರ ಬಂದಿತ್ತು, ಆರೂ ಮಂದಿ 5893ರ ಆಸುಪಾಸಿನಲ್ಲೇ ಉತ್ತರ ತಂದು ಪರೀಕ್ಷಕರಿಂದ ಶಾಭಾಸ್ ಎನಿಸಿಕೊಂಡಿದ್ದರು. ಬಸವರಾಜ ಚೀಟಿ ಬಿಚ್ಚಿ ನನ್ನ ಕಡೆ ನೋಡಿ ನಕ್ಕ. ಅವನಿಗೂ ಉಂಗುರವೇ. ನನಗೂ ನಗು ಬಂತು.

ಆ ದಿನ ಅವನು ಎಷ್ಟು ರೈಲು ಕಾದನೋ. ಮೊದಲ ಸಲದ ರೀಡಿಂಗ್ ಮುಗಿಸಿ ಲೆಕ್ಕ ಮಾಡಿದ. ಮುಖ ಬಿಳಚಿಕೊಂಡಿತು. ಲೆನ್ಸು ಬಿಚ್ಚಿ, ಒರೆಸಿ, ಮತ್ತೆ ಇಟ್ಟು ಮೊದಲಿನಿಂದ ಶುರು ಮಾಡಿದ. ಪರೀಕ್ಷೆ ನಡೆಯುವಾಗ ನಾನು ಹತ್ತಿರ ಹೋಗುವ ಹಾಗಿರಲಿಲ್ಲ. ಅವನ ಎರಡನೇ ಪ್ರಯೋಗಕ್ಕೆ ಸಮಯವೇ ಉಳಿಯಲಿಲ್ಲ. ಉತ್ತರ ಬಂದದ್ದು ಏಳು ಸಾವಿರದ ಎಪ್ಪತ್ತು.

ಪರೀಕ್ಷಕರು ಬೇರೆ ಕಾಲೇಜಿನವರು, ನಗುವ ಸ್ವಭಾವದವರು. ಹಾಳೆ ನೋಡಿ ದೀಪದ ಕಡೆ ತಿರುಗಿ, "ಕ್ಯೂಂ ಭಾಯಿ, ಯೇ ಲ್ಯಾಂಪ್ ಲಾಲ್ ಹೈ ಕ್ಯಾ?" ಎಂದು ಕೇಳಿದರು. ಈ ದೀಪ ಕೆಂಪೇನು ಎಂದು ಅಣಕ, ಯಾಕೆಂದರೆ ಏಳು ಸಾವಿರ ಎಂದರೆ ಕಡುಗೆಂಪಿನ ಅಲೆ. ಪಕ್ಕದ ಟೇಬಲಿನವರು ಕಿಸಕ್ಕೆಂದರು.

"ಸೋಡಿಯಂ ಕಾ ಕಿತನಾ ಹೋತಾ ಹೈ, ಮಾಲೂಮ್ ಹೈ?"

"ಮಾಲೂಮ್ ಹೈ ಸರ್. ಫೈವ್ ಏಯ್ಟ್ ನೈನ್ ತ್ರೀ."

"ಮಾಲೂಮ್ ಹೈ, ಫಿರ್ ಭೀ ಯೇ ಲಿಖಾ?"

"ದೋ ಬಾರ್ ದೇಖಾ ಸರ್. ಜೋ ದಿಖಾ ವಹೀ ಲಿಖಾ."

ಸರಿ ಉತ್ತರ ಗೊತ್ತಿದ್ದೂ, ಎರಡು ಸಲ ನೋಡಿ ಕಂಡದ್ದನ್ನೇ ಬರೆದೆ ಎಂಬ ಆ ಮಾತು ಪರೀಕ್ಷಕರಿಗೆ ಉದ್ಧಟತನವಾಗಿ ಕೇಳಿಸಿತು. ನಗು ಹೋಯಿತು. ಮೈಕ್ರೋಸ್ಕೋಪ್ ಬಳಸಲು ಬರುವುದಿಲ್ಲ ಎಂದು ಬರೆದು ಪಾಸಿಗೆ ಸ್ವಲ್ಪವೇ ಕಡಿಮೆ ಅಂಕ ಕೊಟ್ಟರು.

ನಾನು ಬಸವರಾಜನ ಕಣ್ಣನ್ನು ಒಂದು ವರ್ಷ ನೋಡಿದವಳು. ಅವನು ಹೊರಗೆ ಹೋದ ಕೂಡಲೇ ಅದೇ ಟೇಬಲಿನಲ್ಲಿ ಕುಳಿತು ನಾನೇ ಅಳೆದೆ. ನನಗೂ ಏಳು ಸಾವಿರ ದಾಟಿತು. ಲೆನ್ಸಿನ ಉಬ್ಬು ಅಳೆಯುವ ಮೂರು ಕಾಲಿನ ಪುಟ್ಟ ಸ್ಫೆರೋಮೀಟರ್ ತಂದು ಇಟ್ಟು ನೋಡಿದೆ. ಲೆನ್ಸು ನೂರರದ್ದಲ್ಲ, ನೂರಿಪ್ಪತ್ತರದ್ದು. ನೂರಿಪ್ಪತ್ತು ಹಾಕಿ ಬಸವರಾಜನ ಅಂಕಿಗಳಿಂದ ಲೆಕ್ಕ ಮಾಡಿದರೆ 5892. ಆ ಅದುರುವ ಕಟ್ಟಡದಲ್ಲಿ, ಆ ಹಳೆಯ ಮೈಕ್ರೋಸ್ಕೋಪಿನಲ್ಲಿ, ಅಷ್ಟು ಸರಿಯಾದ ಅಳತೆ ಅದಕ್ಕೆ ಮುಂಚೆಯೂ ನಾನು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಾಳೆ ಹಿಡಿದು ಓಡಿದೆ.

ಕುಲಕರ್ಣಿ ಸರ್ ಕೋಣೆಯಲ್ಲಿ ಪರೀಕ್ಷಕರು ಚಹಾ ಕುಡಿಯುತ್ತಿದ್ದರು. ನಾನು ನಿಂತಲ್ಲಿಯೇ ಎಲ್ಲ ಹೇಳಿದೆ. ಲೆನ್ಸು ತಪ್ಪು, ಕಾರ್ಡು ತಪ್ಪು, ಹುಡುಗ ಸರಿ. ಪರೀಕ್ಷಕರು ಶಾಂತವಾಗಿ ಕೇಳಿಸಿಕೊಂಡು ಕಪ್ಪು ಕೆಳಗಿಟ್ಟರು.

"ಠೀಕ್ ಹೈ ಬಾಯಿ, ಲೆನ್ಸ್ ಗಲತ್. ತೋ ಬಾಕಿ ಛೇ ಲೋಗೋಂ ಕೋ ಸಹೀ ಜವಾಬ್ ಕೈಸೇ ಆಯಾ?"

ಲೆನ್ಸು ತಪ್ಪಿದ್ದರೆ ಉಳಿದ ಆರು ಮಂದಿಗೆ ಸರಿ ಉತ್ತರ ಹೇಗೆ ಬಂತು? ಕಿಟಕಿಯಾಚೆ ಲೋಕಲ್ ಹೋಯಿತು, ಬಸಿಯಲ್ಲಿ ಕಪ್ಪು ಅದುರಿತು. ಬಸವರಾಜ ನಿಜ ಎಂದು ತೋರಿಸಲು ನಾನು ತಂದಿದ್ದ ಹಾಳೆಯೇ ಉಳಿದ ಆರು ಮಂದಿ ಸುಳ್ಳು ಎಂದು ತೋರಿಸುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ದಾರಿ ಇರಲಿಲ್ಲ. ಪರೀಕ್ಷಕರು ಎದ್ದು, ತಮಗೆ ರೈಲಿಗೆ ಹೊತ್ತಾಯಿತು, ಕಾಲೇಜು ಬರವಣಿಗೆಯಲ್ಲಿ ಏನು ಕೊಟ್ಟರೂ ಯೂನಿವರ್ಸಿಟಿಗೆ ಕಳಿಸುತ್ತೇನೆ ಎಂದು ಹೇಳಿ ಹೊರಟರು.

"ಬರದು ಕೊಡೋಣ ಸರ್," ಎಂದೆ ನಾನು.

ಕುಲಕರ್ಣಿ ಸರ್ ಬಾಗಿಲು ಮುಂದೆ ಮಾಡಿದರು. "ಕೂಡ್ರಿ ಪಾಟೀಲಬಾಯಿ. ನಾ ಬರದು ಕೊಟ್ಟೆ ಅಂತ ತಿಳೀರಿ. ಆರೂ ಮಂದೀ ಪರೀಕ್ಷಾ ರದ್ದು. ಅಲ್ಲಿಗೇ ನಿಲ್ತದೇನು? ಹಿಂದಿನ ವರ್ಷದ ಜರ್ನಲ್ ತರಸ್ತಾರ. ಇಡೀ ಕ್ಲಾಸಿನ ರಿಜಲ್ಟ್ ತಡೀತಾರ. ಆ ಆರರಾಗ ಮಾಲತಿ ಅದಾಳ. ಅವರಪ್ಪ ಹೋಟೆಲಿನಾಗ ಒಲೀ ಮುಂದ ನಿಂತು ಮಗಳನ್ನ ಓದಿಸ್ಯಾನ. ಅಕೀಗೆ ನೌಕರಿ ಗೊತ್ತಾಗೇದ, ಪಾಸಾದ ಕಾಗದ ಕೊಡೂದು ಅಷ್ಟ ಬಾಕಿ. ಒಬ್ಬನ್ನ ಉಳಸಾಕ ಆರು ಮಂದೀನ ಮುಣಗಸ್ತೀರೇನು?"

"ಅವನದೇನು ತಪ್ಪು ಸರ್?"

"ತಪ್ಪು ಯಾರದು ಅಂತ ನಾ ಎಲ್ಲೆ ಕೇಳೀನಿ?" ಎಂದವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡರು. "ಅಕ್ಟೋಬರ್‌ದಾಗ ಮತ್ತ ಕೂಡತಾನ ಬಿಡ್ರಿ. ಶಾಣ್ಯಾ ಹುಡುಗ."

ನಾನು ಪ್ರಿನ್ಸಿಪಾಲರ ತನಕ ಹೋದೆ. ವಿಭಾಗದ ಮುಖ್ಯಸ್ಥರ ಸಹಿ ಇಲ್ಲದೆ ಏನನ್ನೂ ನೋಡುವುದಿಲ್ಲ ಎಂದರು. ಅಲ್ಲಿಗೆ ಮುಗಿಯಿತು. ಕುಲಕರ್ಣಿ ಸರ್ ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಇಷ್ಟು ವರ್ಷ ಹುಡುಕಿದ್ದೇನೆ. ಇಲ್ಲ. ಅದೇ ನನ್ನನ್ನು ತಿನ್ನುತ್ತದೆ. ಅವರು ಹೇಳಿದ್ದೂ ನಿಜ, ಬಸವರಾಜ ಕಂಡದ್ದೂ ನಿಜ, ಎರಡು ನಿಜಗಳು ಒಂದರ ಮೇಲೊಂದು ಬಿದ್ದು ಕಪ್ಪಾಯಿತು.

ಮರುದಿನ ಬಸವರಾಜ ಲ್ಯಾಬಿಗೆ ಬಂದ. ನಾನು ಸಾಮಾನು ಎತ್ತಿಡುತ್ತಿದ್ದೆ.

"ಅಕ್ಕಾರ, ರಾತ್ರಿ ಪೂರಾ ಲೆಕ್ಕಾ ಮಾಡೀನ್ರಿ. ಎಲ್ಲಿ ತಪ್ಪೇನಿ ತಿಳೀವಲ್ದು."

"ನೀ ತಪ್ಪಿಲ್ಲ ಬಸವರಾಜ. ಲೆನ್ಸು ತಪ್ಪು. ಅದು ನೂರಿಪ್ಪತ್ತರದು."

ಅವನು ಅಲ್ಲಿಯೇ ಬೆಂಚಿನ ಮೇಲೆ ಬೆರಳಿನಿಂದ ಲೆಕ್ಕ ಮಾಡಿದ. ಮುಖ ಅರಳಿತು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಹಂಗಾರ ನಾ ಕಂಡದ್ದು ಖರೇ ಅಲ್ರೀ! ಎಂಟುನೂರ ತೊಂಬತ್ತೆರಡು ಬರ್ತದ್ರಿ ಅಕ್ಕಾರ! ಒಂದರಷ್ಟ ಫರಕ್ ನೋಡ್ರಿ!" ಎಂದು ಕೂಗಿದ. ಪಾಸು ಫೇಲು ಎಲ್ಲ ಮರೆತಿದ್ದ. ಆಮೇಲೆ ನೆನಪಾಯಿತು. "ಹಂಗಾರ ನಾ ಪಾಸ್ ಏನ್ರಿ?"

ನಾನು ಇಲ್ಲ ಎಂದೆ. ಯಾಕೆಂದೂ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಅವನು ತನ್ನ ಕಣ್ಣನ್ನೇ ಅನುಮಾನಿಸಿಕೊಂಡು ಬದುಕುವುದು ಬೇಡ ಎನಿಸಿತು. ಅವನು ಬಹಳ ಹೊತ್ತು ದೀಪವನ್ನೇ ನೋಡುತ್ತಾ ಕುಳಿತ. ದೀಪ ಆರಿತ್ತು.

"ನೋಡದ ಬರದವ್ರು ಪಾಸು. ನೋಡಿ ಬರದವಾ ಫೇಲು. ಹೌದಲ್ರಿ?"

ನಾನು ಕೈಯಲ್ಲಿದ್ದ ಲೆನ್ಸನ್ನು ಪೆಟ್ಟಿಗೆಯಲ್ಲಿಟ್ಟೆ.

"ರೈಲು ಹೋಗಲಿ, ಉಂಗುರ ನಿಲ್ಲಲಿ ಅಂತ ನನಗ ನೀವು ಕಲಸಬಾರದಿತ್ತು ಅಕ್ಕಾರ," ಎಂದು ಹೇಳಿ ಎದ್ದು ಹೋದ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ, ಒಂದು ಸಮಾಚಾರ ಹೇಳುವ ಹಾಗೆ ಹೇಳಿದ.

ರಿಜಲ್ಟ್ ಬಂದ ಮೇಲೆ ಒಂದು ದಿನ ಗ್ರಾಂಟ್ ರೋಡಿನಲ್ಲಿ ಮಾಲತಿ ಸಿಕ್ಕಳು. ಅವಳ ಅಪ್ಪ ಕೆಲಸ ಮಾಡುತ್ತಿದ್ದ ಉಡುಪಿ ಹೋಟೆಲಿಗೇ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದಳು. ಕೆಲಸಕ್ಕೆ ಸೇರಿದ್ದಳು, ಹೊಸ ಸೀರೆ ಉಟ್ಟಿದ್ದಳು. ನನಗೆ ತಡೆಯಲಾಗಲಿಲ್ಲ, ಪರೀಕ್ಷೆಯ ದಿನ ಉಂಗುರಗಳನ್ನು ನೋಡಿದ್ದಳೇ ಎಂದು ಕೇಳಿದೆ.

"ನೋಡಿದ್ದೆ ಮೇಡಂ. ದೊಡ್ಡದೊಡ್ಡದಾಗಿ ಕಾಣ್ತಿತ್ತು. ಲೆಕ್ಕ ಮಾಡಿದ್ರೆ ಏಳು ಸಾವಿರ ಬರೂದು. ನನ್ನ ಕಣ್ಣೇ ಸರಿ ಇಲ್ಲಾಂತ ಹೆದರಿಕೆ ಆಯ್ತು. ಮತ್ತೆ ಎಲ್ಲ ಹೊಡೆದು ಹಾಕಿ ಪುಸ್ತಕದ ಹಾಗೇ ಮಾಡಿದೆ. ಯಾಕೆ ಮೇಡಂ?"

ಏನಿಲ್ಲ ಎಂದೆ. ಕಾಫಿ ಮುಗಿಸಿ ಸ್ಟೇಷನ್ನಿಗೆ ನಡೆಯುವಾಗ ನನಗೆ ಹೊಳೆದದ್ದು ಇದು: ಆ ಆರು ಮಂದಿಯಲ್ಲಿ ಎಷ್ಟು ಜನ ಸರಿಯಾಗಿಯೇ ಕಂಡಿದ್ದರೋ, ಯಾರಿಗೆ ಗೊತ್ತು? ಕಂಡು, ಹೆದರಿ, ಅಳಿಸಿದ್ದರು. ನಾವು ಕಲಿಸಿದ್ದು ಅದನ್ನೇ. ಪುಸ್ತಕಕ್ಕೂ ಕಣ್ಣಿಗೂ ಜಗಳ ಬಂದರೆ ಕಣ್ಣನ್ನು ಒರೆಸಿಕೊಳ್ಳುವುದು. ಇಷ್ಟು ವರ್ಷ ಕತ್ತಲೆ ಕೋಣೆಯಲ್ಲಿ ನಾನು ಬೆಳಕನ್ನು ತೋರಿಸಿದೆ ಎಂದುಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಲೋಕಲ್‌ನ ಮಹಿಳೆಯರ ಡಬ್ಬಿಯಲ್ಲಿ ನಿಂತು ಅತ್ತೆ. ಮುಂಬೈಯಲ್ಲಿ ಇದೊಂದು ಅನುಕೂಲ, ಯಾರೂ ಯಾಕೆಂದು ಕೇಳುವುದಿಲ್ಲ.

ಕುಲಕರ್ಣಿ ಸರ್ ಮಾತ್ರ ಹೊಸ ಟರ್ಮ್ ಶುರುವಾಗುವ ಮೊದಲು ತಾವೇ ಒಂದು ಕಾರ್ಡು ತೆಗೆದುಕೊಂಡು, ನೂರಿಪ್ಪತ್ತು ಎಂದು ದಪ್ಪ ಅಕ್ಷರದಲ್ಲಿ ಬರೆದು, ಟೇಬಲಿಗೆ ಅಂಟಿಸಿದರು. ಬಸವರಾಜನಿಗೆ ಸಿಕ್ಕ ನ್ಯಾಯ ಅಷ್ಟೇ.

ಅಕ್ಟೋಬರ್ ಪರೀಕ್ಷೆಗೆ ಅವನು ಬಂದ. ಎಂ.ಎಸ್ಸಿ. ಸೀಟುಗಳೆಲ್ಲ ಮಳೆಗಾಲದಲ್ಲೇ ತುಂಬಿಹೋಗಿದ್ದವು. ಮುಂದಿನ ವರ್ಷಕ್ಕೆ ಅಪ್ಪ ಒಪ್ಪುವವನಲ್ಲ. ಹೇಗೂ ಕಟ್ಟಿದ ಫೀ, ಒಂದು ಸರ್ಟಿಫಿಕೇಟ್ ಇರಲಿ ಎಂದು ಬಂದಿದ್ದ. ಬೇಸಿಗೆಯಿಂದ ಸೈಟಿನಲ್ಲಿದ್ದವನು ಕಪ್ಪಾಗಿದ್ದ, ಉಗುರಿನ ಸಂದಿಯಲ್ಲಿ ಸಿಮೆಂಟು ಇತ್ತು. ಚೀಟಿ ಎತ್ತಿದ. ಮತ್ತೆ ಉಂಗುರ. ಈ ಸಲ ನಗಲಿಲ್ಲ.

ಅವನು ದೀಪದ ಸ್ವಿಚ್ ಹಾಕಿ ಕುಳಿತ. ನಾನು ಪರದೆಯ ಅಂಚಿನಲ್ಲಿ ನಿಂತಿದ್ದೆ. ದೀಪ ಇನ್ನೂ ಗುಲಾಬಿಗೆಂಪಾಗಿತ್ತು. ಅವನು ಕಾರ್ಡಿನ ಕಡೆ ಒಮ್ಮೆ ನೋಡಿ ನೂರಿಪ್ಪತ್ತು ಎಂದು ಬರೆದುಕೊಂಡ, ಕೆಳಗೆ ಒಂದು ಗೆರೆ ಎಳೆದ, ಅಂಕಿ ಬರೆಯತೊಡಗಿದ. ಫಾಸ್ಟ್ ಲೋಕಲ್ ಬಂತು. ಟೇಬಲ್ ಅದುರಿತು, ಮೈಕ್ರೋಸ್ಕೋಪ್ ಅದುರಿತು, ಅವನ ಪೆನ್ನು ನಿಲ್ಲಲಿಲ್ಲ. ದೀಪ ಹಳದಿಗೆ ತಿರುಗುವ ಹೊತ್ತಿಗೆ ಹಾಳೆ ತುಂಬಿತ್ತು. ಉತ್ತರ 5893 ಎಂದು ಬರೆದಿರಲಿಲ್ಲ. 5907 ಎಂದು ಬರೆದಿದ್ದ, ನಿಜವಾಗಿ ಅಳೆದರೆ ಬರಬಹುದಾದಷ್ಟೇ ತಪ್ಪು. ಆ ಸಲದ ಪರೀಕ್ಷಕರು ಬೇರೆಯವರು. ತುಂಬ ನಾಜೂಕಿನ ಕೈ ಎಂದು ಹೊಗಳಿದರು.

ರೀಡಿಂಗ್ ಹಾಳೆಯ ಕೆಳಗೆ ಡೆಮಾನ್‌ಸ್ಟ್ರೇಟರ್ ಸಹಿ ಬೇಕಿತ್ತು. ಅವನು ಹಾಳೆ ತಂದು ನನ್ನ ಮುಂದೆ ಇಟ್ಟ.

"ಒಂದು ಸಲನಾದರೂ ನೋಡಬೇಕಿತ್ತಪ್ಪ," ಎಂದೆ.

"ನೋಡೀನಲ್ರಿ ಅಕ್ಕಾರ, ಒಂದು ಸಲ," ಎಂದ.

ನಾನು ಸಹಿ ಹಾಕಿ ಕೊಟ್ಟೆ. ಆ ಸಲ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್‌ಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಬಸವರಾಜನಿಗೆ.